ಎತ್ತಿ ಕೂರಿಸಬೇಡಿ, ತಾನೇ ಹತ್ತಲಿ

ಪ್ರಶ್ನೆ: ನಾವು ದಾವಣಗೆರೆಯಲ್ಲಿ ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿದ್ದೇವೆ. ಮಗಳಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿಗೆ ಹೋಗುತ್ತಾಳೆ. ಏಪ್ರಿಲ್ ರಜೆಯಲ್ಲಿ ಹೊಳಲ್ಕೆರೆ ತಾಲ್ಲೂಕಿನಲ್ಲಿರುವ ಯಜಮಾನರ ಊರಿಗೆ ಹೋಗಿದ್ದೆವು. ಅಲ್ಲಿ ದೊಡ್ಡಪ್ಪನ ಮಕ್ಕಳು ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್ ಹತ್ತಿ ಹಾರುವ ಆಟ ಆಡುತ್ತಿದ್ದರು. ಇವಳೂ ಹಟ ಮಾಡಿದಳೆಂದು ಅವಳ ಚಿಕ್ಕಪ್ಪ ಎತ್ತಿ ಕೂರಿಸಿದರು. ಮಿಕ್ಕವರು ಹಾರಿದ್ದನ್ನು ನೋಡಿ ಇವಳೂ ಹಾರಿದಳು. ಅಡಿಕೆ ಒಣಗಿಸುವ ಸಿಮೆಂಟ್ ಕಣದ ಮೇಲೆ ಬಿದ್ದು ಎಡ ಮೊಣಕೈಯ ಮೇಲ್ಭಾಗದ ಎಲುಬು ಮುರಿಯಿತು. ಆಪರೇಷನ್ ಬೇಕಾಗಲಿಲ್ಲ, ನಾಲ್ಕು ವಾರ ಪ್ಲಾಸ್ಟರ್ ಇತ್ತು. ಅದನ್ನು ಬಿಚ್ಚಿ ನಾಲ್ಕು ತಿಂಗಳಾಯಿತು. ಕೈ ಇನ್ನೂ ಪೂರ್ತಿ ಚಾಚುವುದಿಲ್ಲ. ಅತ್ತೆಯವರು ಬಂದಾಗಲೆಲ್ಲ ಎಣ್ಣೆ ಹಚ್ಚಿ ನೀವುತ್ತಾರೆ.

ಅಂದಿನಿಂದ ಯಜಮಾನರು ಅವಳನ್ನು ಕಟ್ಟೆ ಹತ್ತಲೂ ಬಿಡುವುದಿಲ್ಲ. ಸಂಜೆ ಸ್ಕೂಟರ್‌ನಲ್ಲಿ ಮುಂದೆ ನಿಲ್ಲಿಸಿಕೊಂಡು ಗಾಜಿನ ಮನೆಗೋ ಕುಂದವಾಡ ಕೆರೆಗೋ ಒಂದು ಸುತ್ತು ಕರೆದುಕೊಂಡು ಹೋಗಿ ಬರುತ್ತಾರೆ. ಉಳಿದ ಹೊತ್ತೆಲ್ಲ ಮೊಬೈಲ್. ಮೊದಲು ಮಂಗನಂತೆ ನೆಗೆಯುತ್ತಿದ್ದ ಮಗು ಈಗ ಎರಡು ಮೆಟ್ಟಿಲು ಇಳಿಯಬೇಕಾದರೂ "ಅಮ್ಮಾ, ಬೀಳುತ್ತೇನಾ?" ಎಂದು ಕೇಳುತ್ತದೆ. ಶಾಲೆಯಲ್ಲಿ ಜಾರುಬಂಡೆಯ ಹತ್ತಿರಕ್ಕೂ ಹೋಗುವುದಿಲ್ಲ ಎಂದು ಮಿಸ್ ಹೇಳಿದರು. ಅತ್ತೆಯವರು "ಹೆಣ್ಣುಮಗುವಿಗೆ ಇವೆಲ್ಲ ಏಕೆ, ಇವಳೇನು ಕೋತಿರಾಜ್ ಆಗಬೇಕೇ?" ಎನ್ನುತ್ತಾರೆ. ಒಮ್ಮೆ ಮುರಿದ ಎಲುಬು ಮತ್ತೆ ಅಲ್ಲೇ ಮುರಿಯುತ್ತದೆಯೇ? ಅವಳನ್ನು ಆಡಲು ಬಿಡಬೇಕೇ, ಬೇಡವೇ? ದೀಪಾವಳಿಗೆ ಮತ್ತೆ ಊರಿಗೆ ಹೋಗಬೇಕು. ನನಗೆ ಈಗಿನಿಂದಲೇ ಭಯ ಶುರುವಾಗಿದೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಿಡಬೇಕು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಉತ್ತರ ಉದ್ದವಿದೆ, ನಡುವೆ ನೀವು ಹಾಲು ಉಕ್ಕಿತೆಂದು ಎದ್ದು ಹೋಗಬೇಕಾಗಬಹುದು. ಹೇಗೆ ಬಿಡಬೇಕು, ಎಲ್ಲಿ ಮಾತ್ರ ಖಂಡಿತ ಬಿಡಬಾರದು ಎಂಬುದು ಮುಂದಿನ ಮಾತು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಊರಿನಲ್ಲಿ ಮಕ್ಕಳ ಮುರಿದ ಎಲುಬು ಕೂಡಿಸುವುದು ನನ್ನ ಕಸುಬು. ಬೇಸಿಗೆ ರಜೆ ಬಂತೆಂದರೆ ನನಗೆ ಸುಗ್ಗಿ ಎಂದು ಜೊತೆಯ ವೈದ್ಯರು ಹಾಸ್ಯ ಮಾಡುತ್ತಾರೆ. ಇಂಥವನು ಮಗುವನ್ನು ಹತ್ತಲು ಬಿಡಿ ಎಂದರೆ ಗಿರಾಕಿ ಹುಡುಕುತ್ತಿದ್ದಾನೆ ಎಂದು ನಿಮ್ಮ ಯಜಮಾನರಿಗೆ ಅನ್ನಿಸಿದರೆ ಅವರದೇನೂ ತಪ್ಪಿಲ್ಲ. ಆದರೆ ನಾನು ಮುರಿದ ಕೈಯನ್ನಷ್ಟೇ ನೋಡುವುದಿಲ್ಲ, ಅದು ಹೇಗೆ ಮುರಿಯಿತು ಎಂಬ ಕಥೆಯನ್ನೂ ಕೇಳುತ್ತೇನೆ. ಹಾಗೆ ಕೇಳುವ ಅಭ್ಯಾಸದಿಂದಲೇ ನಿಮ್ಮ ಪತ್ರವನ್ನು ಎಕ್ಸ್‌ರೇ ಹಿಡಿದಂತೆ ಬೆಳಕಿಗೆ ಹಿಡಿದು ನೋಡಿದೆ. ನೀವು ಸುಮ್ಮನೆ ದಾಟಿಹೋದ ಮೂರು ಕಡೆ ನನ್ನ ಕಣ್ಣು ನಿಂತಿತು. ಚಿಕ್ಕಪ್ಪ ಎತ್ತಿ ಕೂರಿಸಿದರು ಎಂಬುದು ಒಂದು. ಸಿಮೆಂಟ್ ಕಣ ಇನ್ನೊಂದು. ಮೂರನೆಯದು ಸ್ಕೂಟರ್.

ಎತ್ತಿ ಕೂರಿಸಿದ್ದರಿಂದ ಶುರು ಮಾಡೋಣ. ನಾಲ್ಕಡಿ ಎತ್ತರದ ಟ್ರೇಲರನ್ನು ನಿಮ್ಮ ಮಗಳು ತಾನೇ ಹತ್ತಬೇಕಿತ್ತು ಎಂದುಕೊಳ್ಳಿ. ಚಕ್ರದ ಮೇಲೆ ಕಾಲಿಡಲು ನೋಡುತ್ತಿದ್ದಳು, ಜಾರುತ್ತಿದ್ದಳು, ಎರಡು ಸಲ ಪ್ರಯತ್ನಿಸಿ ಅಳುತ್ತಾ ನಿಮ್ಮ ಹತ್ತಿರ ಬರುತ್ತಿದ್ದಳು. ಆ ಎತ್ತರ ಅವಳ ಅಳತೆಗೆ ಮೀರಿದ್ದು ಎಂದು ಅವಳ ಕೈಕಾಲೇ ಅವಳಿಗೆ ಹೇಳುತ್ತಿದ್ದವು. ತಾನೇ ಹತ್ತುವ ಮಗು ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಹಾಕುತ್ತದೆ. ಹಿಡಿತ ಗಟ್ಟಿಯೇ, ಭಾರ ತಡೆಯುತ್ತದೆಯೇ, ಇಳಿಯುವಾಗ ಕಾಲು ಎಲ್ಲಿಗೆ ಸಿಗುತ್ತದೆ ಎಂಬುದೆಲ್ಲ ಅದರಲ್ಲಿ ಸೇರಿದೆ. ಎತ್ತಿ ಕೂರಿಸಿದ ಮಗುವಿನ ಹತ್ತಿರ ಆ ಲೆಕ್ಕ ಇಲ್ಲ. ಚಿಕ್ಕಪ್ಪ ಪ್ರೀತಿಯಿಂದಲೇ ಎತ್ತಿದರು, ಅನುಮಾನವಿಲ್ಲ. ಆದರೆ ಅವಳು ಹತ್ತಲಾಗದ ಎತ್ತರದಿಂದ ಹಾರುವ ಅವಕಾಶವನ್ನು ಅವಳ ಕೈಗೆ ಕೊಟ್ಟವರು ಅವರೇ.

ದೊಡ್ಡವರ ಪ್ರೀತಿಯಿಂದ ಆಗುವ ಪೆಟ್ಟುಗಳು ಇನ್ನೂ ಇವೆ. ಪಾರ್ಕಿನಲ್ಲಿ ಮಗುವಿಗೆ ಭಯವೆಂದು ತೊಡೆಯ ಮೇಲೆ ಕೂರಿಸಿಕೊಂಡು ಜಾರುತ್ತಾರಲ್ಲ, ಆಗ ಮಗುವಿನ ಕಾಲು ಪಕ್ಕದ ಅಂಚಿಗೆ ಸಿಕ್ಕಿಕೊಂಡರೆ ದೊಡ್ಡವರ ಭಾರ ಕೆಳಕ್ಕೆಳೆದು ಮೊಣಕಾಲ ಕೆಳಗಿನ ಎಲುಬು ತಿರುಚಿ ಮುರಿಯುತ್ತದೆ. ಒಂಟಿಯಾಗಿ ಜಾರಿದ್ದರೆ ಕಾಲು ಸಿಕ್ಕಿದ ಕೂಡಲೇ ಮಗು ಅಲ್ಲೇ ನಿಲ್ಲುತ್ತಿತ್ತು. ರಸ್ತೆ ದಾಟುವಾಗ ಒಂದೇ ಕೈ ಹಿಡಿದು ಮೇಲಕ್ಕೆ ಜಗ್ಗಿದಾಗ ಮೊಣಕೈಯ ಕೀಲು ಜರುಗುವುದೂ ಇದೇ ಜಾತಿಯದು. ಒಂದರಿಂದ ನಾಲ್ಕು ವರ್ಷದವರಲ್ಲಿ ಇದನ್ನು ಕಾಣದ ತಿಂಗಳೇ ಇಲ್ಲ. ಕೂರಿಸಿಕೊಂಡು ತಿರುವಿದರೆ ಎರಡು ನಿಮಿಷದ ಕೆಲಸ, ತಂದೆಯ ಮುಖದ ಮೇಲಿನ ಅಪರಾಧಿ ಭಾವ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ.

ಎರಡನೆಯದು ನೆಲ. ಬೀಳುವಾಗ ಮಗು ಕೈ ಊರುತ್ತದೆ. ಮೊಣಕೈಯ ಸ್ವಲ್ಪ ಮೇಲೆ ತೋಳಿನ ಎಲುಬು ಚಪ್ಪಟೆಯಾಗಿ, ನಡುವೆ ತೀರ ತೆಳ್ಳಗಾಗುತ್ತದೆ. ಈ ವಯಸ್ಸಿನಲ್ಲಿ ಕೀಲುಗಳು ಸಡಿಲವಾಗಿದ್ದು ಮೊಣಕೈ ಹಿಂದಕ್ಕೂ ಬಾಗುವುದರಿಂದ ಊರಿದ ಕೈಯ ಭಾರವೆಲ್ಲ ಆ ತೆಳು ಜಾಗಕ್ಕೆ ಬೀಳುತ್ತದೆ. ಮಕ್ಕಳ ಮೊಣಕೈ ಬಳಿ ಅತಿ ಹೆಚ್ಚು ಮುರಿಯುವುದು ಇಲ್ಲೇ, ಅದರಲ್ಲೂ 5ರಿಂದ 7 ವರ್ಷದವರಲ್ಲಿ. ಅದೇ ಬೀಳು ಒಂದಡಿ ಆಳದ ಸಡಿಲ ಮರಳಿನ ಮೇಲಾಗಿದ್ದರೆ ಮರಳು ಒಳಕ್ಕೆ ಸರಿದು ಪೆಟ್ಟನ್ನು ಬಹುಮಟ್ಟಿಗೆ ನುಂಗುತ್ತಿತ್ತು. ನಮ್ಮೂರಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಪೈಲ್ವಾನರನ್ನು ಗಟ್ಟಿ ನೆಲದ ಮೇಲೆ ಯಾರಾದರೂ ಬಿಡುತ್ತಾರೆಯೇ? ಗರಡಿಮನೆಯಲ್ಲಿ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು, ಹೆಂಟೆ ಒಡೆದು, ಸಡಿಲ ಮಾಡಿದ ಮೇಲೆಯೇ ಹಿಡಿತ. ನೂರು ಕಿಲೋ ಪೈಲ್ವಾನನಿಗೆ ಮೆತ್ತನೆಯ ನೆಲ, ಹದಿನೈದು ಕಿಲೋ ಮಗುವಿಗೆ ಶಾಲೆಯ ಅಂಗಳದಲ್ಲಿ ಇಂಟರ್‌ಲಾಕ್ ಕಲ್ಲು. ಕೆಲವು ಪಾರ್ಕುಗಳಲ್ಲಿ ಜಾರುಬಂಡೆಯ ಕಂಬ ನೆಟ್ಟ ಕಾಂಕ್ರೀಟ್ ಗಡ್ಡೆ ಮಣ್ಣು ಸವೆದು ಮೇಲಕ್ಕೆದ್ದು ನಿಂತಿರುತ್ತದೆ. ಜಾರುಬಂಡೆಯ ಎತ್ತರಕ್ಕಿಂತ ನನಗೆ ಆ ಗಡ್ಡೆಯ ಭಯ ಹೆಚ್ಚು.

ಮೂರನೆಯದು ಸ್ಕೂಟರ್. ಇಲ್ಲಿ ಸ್ವಲ್ಪ ಖಾರವಾಗಿ ಹೇಳಿದರೆ ಬೇಸರಿಸಬೇಡಿ. ಕಟ್ಟೆ ಹತ್ತಿದರೆ ಬೀಳುತ್ತಾಳೆ ಎನ್ನುವ ತಂದೆ, ಮಗಳನ್ನು ಹ್ಯಾಂಡಲ್ ಮುಂದೆ ನಿಲ್ಲಿಸಿಕೊಂಡು ಪಿ.ಬಿ. ರಸ್ತೆಯ ದಟ್ಟಣೆಯಲ್ಲಿ ಹೋಗುತ್ತಾರೆ. ಬ್ರೇಕ್ ಹಾಕಿದರೆ ಮೊದಲು ಹೋಗಿ ಬಡಿಯುವುದು ಅವಳ ಹಣೆ. ನಾಲ್ಕು ವರ್ಷ ದಾಟಿದವರೆಲ್ಲ ಹೆಲ್ಮೆಟ್ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಅದಕ್ಕಿಂತ ಚಿಕ್ಕವರಿಗೆ 2022ರಲ್ಲಿ ಬಂದ ನಿಯಮದಂತೆ ಹೆಲ್ಮೆಟ್ ಜೊತೆಗೆ ಸವಾರನಿಗೆ ಬಿಗಿಯುವ ಬೆಲ್ಟೂ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ದಿನವೂ ಮಾಡುವ ಕೆಲಸದ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಕೈ ಮುರಿದ ಆಟ ಮಾತ್ರ ದೊಡ್ಡದಾಗಿ ಕಾಣುತ್ತದೆ. ಇದು ನಿಮ್ಮ ಯಜಮಾನರೊಬ್ಬರ ದೋಷವಲ್ಲ, ನಮ್ಮೆಲ್ಲರದೂ.

ಈಗ ನೀವು ಕೇಳಿದ ಎಲುಬಿನ ವಿಚಾರ. ಒಮ್ಮೆ ಮುರಿದರೆ ಅಲ್ಲೇ ಮತ್ತೆ ಮುರಿಯುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಪ್ಲಾಸ್ಟರ್ ಬಿಚ್ಚಿದ ಮೊದಲ ಕೆಲವು ವಾರ ಕೂಡಿದ ಎಲುಬು ಇನ್ನೂ ಹಸಿ. ಆಗ ಹತ್ತುವುದು, ಹಾರುವುದು ಬೇಡ ಎಂದು ನಾವೂ ಹೇಳುತ್ತೇವೆ. ಆದರೆ ನಿಮ್ಮ ಮಗಳಿಗೆ ನಾಲ್ಕು ತಿಂಗಳು ಕಳೆದಿದೆ, ಆ ಕಾಲ ದಾಟಿದೆ. ಸಾಮಾನ್ಯವಾಗಿ ಇಷ್ಟು ಹೊತ್ತಿಗೆ ಆ ಎಲುಬು ಆಟಕ್ಕೆ ಸಿದ್ಧವಾಗಿರುತ್ತದೆ.

ಕೈ ಪೂರ್ತಿ ಚಾಚುತ್ತಿಲ್ಲ ಎಂದಿದ್ದೀರಿ. ಕೊನೆಯ ಸ್ವಲ್ಪ ಬಾಗು ಬಿಡಲು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷವೂ ಹಿಡಿಯುತ್ತದೆ. ಆದರೆ ಅತ್ತೆಯವರು ನೀವುವುದನ್ನು ಇಂದೇ ನಿಲ್ಲಿಸಿ. ಇದನ್ನು ಮನೆಯಲ್ಲಿ ಹೇಳುವುದು ಕಷ್ಟವೆಂದು ಗೊತ್ತು, ಡಾಕ್ಟರು ಬೈದರು ಎಂದು ನನ್ನ ಮೇಲೆ ಹಾಕಿ. ಮುರಿದು ಕೂಡಿದ ಮೊಣಕೈಯನ್ನು ಬಲವಾಗಿ ನೀವಿದರೆ, ಜಗ್ಗಿ ನೇರ ಮಾಡಲು ಹೋದರೆ, ಸುತ್ತಲಿನ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಇನ್ನಷ್ಟು ಬಿಗಿಯಬಹುದು. ಕಾಲಿಗೆ, ಬೆನ್ನಿಗೆ ಎಷ್ಟು ಬೇಕಾದರೂ ಎಣ್ಣೆ ಹಚ್ಚಲಿ, ಅಜ್ಜಿಯ ಕೈ ಮಗುವಿಗೆ ಬೇಕು. ಮೊಣಕೈಗೆ ಬೇಡ. ಅದನ್ನು ಬಿಡಿಸುವ ಒಳ್ಳೆಯ ವ್ಯಾಯಾಮ ಯಾವುದು ಗೊತ್ತೇ? ಜೋತು ಬೀಳುವುದು, ಚೆಂಡು ಎಸೆಯುವುದು, ಮೇಲಿನ ಕಂಬಿಗೆ ಕೈ ಚಾಚುವುದು. ಅಂದರೆ ನೀವೀಗ ಬೇಡವೆಂದು ತಡೆದಿರುವ ಆಟವೇ.

ಎಲುಬು ಗಟ್ಟಿಯಾಗುವುದೇ ಭಾರ ಬಿದ್ದಾಗ. ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿಟ್ಟ ಸಂಗತಿ ಇದು. ಹೊರೆ ಬಿದ್ದ ಕಡೆ ಎಲುಬು ತನ್ನನ್ನು ತಾನು ಬಲಪಡಿಸಿಕೊಳ್ಳುತ್ತದೆ, ಹೊರೆ ಇಲ್ಲದ ಕಡೆ ಸೊರಗುತ್ತದೆ. ಹೀಗಾಗಿ ಎಲುಬು ಮುರಿಯದಿರಲೆಂದು ಮಗುವನ್ನು ಕೂರಿಸಿಡುವುದು ಕೊನೆಗೆ ಎಲುಬಿಗೇ ನಷ್ಟ. ಜೊತೆಗೆ ಬಿಸಿಲು. ಇಷ್ಟು ಬಿಸಿಲಿನ ಜಿಲ್ಲೆಯಲ್ಲಿ ವಿಟಮಿನ್ ಡಿ ಕೊರತೆಯಿಂದ ಕಾಲು ಬಾಗಿದ ಮಕ್ಕಳು ನನ್ನ ಹತ್ತಿರ ಬರುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ದಿನವೂ ಮುದ್ದೆ ತಿನ್ನಿಸುತ್ತೀರಿ, ಸರಿ. ವಿಟಮಿನ್ ಡಿ ಸಾಕಷ್ಟು ಇಲ್ಲದಿದ್ದರೆ ಆ ಕ್ಯಾಲ್ಸಿಯಂನಲ್ಲಿ ಬಹುಪಾಲು ಕರುಳಿನಿಂದ ಹಾಗೇ ಹೊರಟುಹೋಗುತ್ತದೆ. ಕಣ್ಣಿಗೂ ಬಯಲು ಬೇಕು. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಬಂದವರು ಅವರಲ್ಲಿ ಶೇ 30ರಷ್ಟು, ಹಾಗೆ ಬಿಡದ ಶಾಲೆಗಳಲ್ಲಿ ಶೇ 39.5. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮೊಣಕೈಯಲ್ಲ, "ಅಮ್ಮಾ, ಬೀಳುತ್ತೇನಾ?" ಎಂಬ ಪ್ರಶ್ನೆ.

ಒಂದು ಭಾನುವಾರ ಚಿತ್ರದುರ್ಗದ ಕೋಟೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಒಂದು ಇಳಿಜಾರು ಬಂಡೆಯ ಮೇಲೆ ಐದು ವರ್ಷದ ಆಸುಪಾಸಿನ ಹುಡುಗಿ, ಹಬ್ಬದ ಫ್ರಾಕ್ ಹಾಕಿದ್ದಳು. ಮೊದಲು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಳು. ಹೆಬ್ಬೆರಳಿನಿಂದ ಬಂಡೆಯನ್ನು ಮುಟ್ಟಿ ನೋಡಿದಳು, ಬಿಸಿ ಇತ್ತೆಂದು ಕಾಣುತ್ತದೆ, ನೆರಳಿದ್ದ ಕಡೆಗೆ ಎರಡು ಹೆಜ್ಜೆ ಸರಿದಳು. ಕುಳಿತು ಕುಂಡಿಯ ಮೇಲೆ ಸ್ವಲ್ಪ ಜಾರಿದಳು, ನಿಂತಳು. ಮುಂದೆ ಕಡಿದಾಗಿದೆ ಎನ್ನಿಸಿದಾಗ ತಿರುಗಿ ಹೊಟ್ಟೆಯ ಮೇಲೆ ಮಲಗಿ, ಕಾಲನ್ನು ಕೆಳಕ್ಕೆ ಬಿಟ್ಟು ಬಿರುಕು ಹುಡುಕತೊಡಗಿದಳು. ಅಷ್ಟರಲ್ಲಿ ಕೆಳಗಿನಿಂದ ತಾಯಿ "ಅಯ್ಯೋ, ಬಿದ್ದೀಯೇ!" ಎಂದು ಕೂಗಿದರು. ಮಗು ತಲೆ ಎತ್ತಿ ಅಮ್ಮನನ್ನು ನೋಡಿತು, ಕಾಲು ಬಿರುಕಿನಿಂದ ತಪ್ಪಿತು. ಮಂಡಿ ತರಚಿತು, ಅಷ್ಟೇ. ಆದರೆ ಅಲ್ಲಿಯವರೆಗೆ ಕಾಲ ಬೆರಳಿನಲ್ಲಿದ್ದ ಅವಳ ಗಮನವನ್ನು ಕಿತ್ತು ತೆಗೆದದ್ದು ಆ ಕೂಗು. (ನಾವು ಪಾರ್ಕಿನ ತಗಡಿಗೂ ಜಾರುಬಂಡೆ ಎಂದೇ ಹೆಸರಿಟ್ಟಿದ್ದೇವೆ ನೋಡಿ. ಆಟ ಮೊದಲು ಬಂಡೆಯ ಮೇಲಿತ್ತು ಎಂಬುದನ್ನು ಮಾತು ಮರೆತಿಲ್ಲ.)

ಬೀಳುವುದರಿಂದಲೇ ಮಗು ಕಲಿಯುತ್ತದೆ ಎಂಬುದು ಬರೀ ಸಮಾಧಾನದ ಮಾತಲ್ಲ. ಅಮೆರಿಕದ ಸಂಶೋಧಕಿ ಕ್ಯಾರೆನ್ ಆಡಾಲ್ಫ್ ಮತ್ತು ಸಂಗಡಿಗರು 12ರಿಂದ 19 ತಿಂಗಳ ಮಕ್ಕಳ ಹೆಜ್ಜೆಗಳನ್ನು ಕೂತು ಎಣಿಸಿದರು. ಸರಾಸರಿ ಒಂದು ಗಂಟೆಗೆ 2,368 ಹೆಜ್ಜೆ, 17 ಬೀಳು. ನಿಮ್ಮ ಮಗಳೂ ಆ ವಯಸ್ಸಿನಲ್ಲಿ ಹೀಗೇ ಬಿದ್ದಿದ್ದಾಳೆ. ಆಗ ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ಅವಳು ನಡೆದಳು. ಈಗ ಎಲ್ಲರೂ ಉಸಿರು ಬಿಗಿಹಿಡಿಯುತ್ತೀರಿ, ಅವಳು ನಿಂತುಬಿಟ್ಟಿದ್ದಾಳೆ.

ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಬೆನ್ನುಹತ್ತಿ ನೋಡಿದ ಒಂದು ಅಧ್ಯಯನವಿದೆ. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟು ತಿಂದವರೇ ಮುಂದೆ ಎತ್ತರಕ್ಕೆ ಹೆದರುತ್ತಾರೆ ಎಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ತಿರುವುಮುರುವು. 18ನೇ ವಯಸ್ಸಿನಲ್ಲಿ ಎತ್ತರದ ಭಯವಿಲ್ಲದವರಲ್ಲೇ 5ರಿಂದ 9ರ ವಯಸ್ಸಿನಲ್ಲಿ ಬಿದ್ದು ಗಾಯ ಮಾಡಿಕೊಂಡವರು ಹೆಚ್ಚಿದ್ದರು. ಧೈರ್ಯಸ್ಥ ಮಕ್ಕಳೇ ಹೆಚ್ಚು ಹತ್ತಿ ಹೆಚ್ಚು ಬಿದ್ದಿರಬಹುದು, ಅದೂ ಸರಿ. ಆದರೆ ಒಂದು ಬೀಳು ಮಗುವನ್ನು ಜೀವನಪೂರ್ತಿ ಪುಕ್ಕಲು ಮಾಡುವುದಿಲ್ಲ ಎಂಬಷ್ಟನ್ನು ಇದರಿಂದ ತೆಗೆದುಕೊಳ್ಳಬಹುದು. ನಿಮ್ಮ ಮಗಳ ಭಯದಲ್ಲಿ ಟ್ರೇಲರ್‌ನ ಪಾಲು ಸ್ವಲ್ಪ, ಆಮೇಲಿನ ಐದು ತಿಂಗಳ ನಿಮ್ಮ ಮುಖಗಳ ಪಾಲು ಹೆಚ್ಚು ಎಂದು ನನ್ನ ಅಂದಾಜು.

ನಾರ್ವೆಯ ಎಲನ್ ಸ್ಯಾಂಡ್‌ಸೆಟರ್ ಎಂಬ ವಿದುಷಿ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ಅಪಾಯದ ಆಟಗಳನ್ನು 2007ರಲ್ಲಿ ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ಬೆಂಕಿ-ನೀರಿನಂಥವುಗಳ ಸಮೀಪ, ಮೈಮೇಲೆ ಬಿದ್ದು ಹೊಡೆದಾಡುವುದು, ಕಣ್ಮರೆಯಾಗುವುದು. ಓದಿದಾಗ ನನಗೆ ನಗು ಬಂತು. ಮರಕೋತಿ, ಪಂಚಮಿಯ ಜೋಕಾಲಿ, ಬುಗುರಿ ಕೆತ್ತುವುದು, ಕಾಮನ ಹಬ್ಬದ ಬೆಂಕಿ, ಕುಸ್ತಿ, ಕಣ್ಣಾಮುಚ್ಚಾಲೆ. ನಾವು ಪಟ್ಟಿ ಬರೆಯದೆ ಆರನ್ನೂ ಆಡಿಕೊಂಡೇ ಬೆಳೆದವರು. ಕೆನಡಾದ ಮಕ್ಕಳ ವೈದ್ಯರ ಸಂಘ 2024ರ ಜನವರಿಯಲ್ಲಿ ಇಂಥ ಆಟವನ್ನು ಬೆಂಬಲಿಸಿ ಹೇಳಿಕೆಯನ್ನೇ ಹೊರಡಿಸಿತು. ಇಷ್ಟು ದೂರದವರು ಹೇಳಿದ ಮೇಲಾದರೂ ನಮ್ಮ ಮರಕೋತಿಗೆ ಮರ್ಯಾದೆ ಸಿಗಲಿ.

ಅತ್ತೆಯವರ ಮಾತಿಗೂ ಒಂದು ಮಾತು. ಈ ವಯಸ್ಸಿನಲ್ಲಿ ಹುಡುಗಿಯ ಎಲುಬಿಗೂ ಹುಡುಗನ ಎಲುಬಿಗೂ ನನ್ನ ಎಕ್ಸ್‌ರೇಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮುಪ್ಪಿನಲ್ಲಿ ಎಲುಬು ಸವೆದು ಸೊಂಟದ ಹತ್ತಿರ ಮುರಿದುಕೊಂಡು ಬರುವವರಲ್ಲಿ ಮಾತ್ರ ಹೆಂಗಸರೇ ಹೆಚ್ಚು. ಆ ವಯಸ್ಸಿಗೆ ಬೇಕಾದ ಎಲುಬಿನ ಉಳಿತಾಯದ ಗಂಟನ್ನು ಕಟ್ಟಿಕೊಳ್ಳುವುದು ಈಗ, ಕುಣಿಯುವಾಗ. ಹಾಗೆ ನೋಡಿದರೆ ಹುಡುಗಿಯರಿಗೇ ಇದು ಹೆಚ್ಚು ಬೇಕು. ಇನ್ನು ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಅವರಂತೆ ಚಿತ್ರದುರ್ಗದ ಕೋಟೆಯ ಗೋಡೆ ಹತ್ತಬೇಕಾಗಿಲ್ಲ, ಮನೆಯ ಮುಂದಿನ ಕಟ್ಟೆ ಸಾಕು.

ನಿಮ್ಮ ಮುಂದಿರುವ ದಾರಿಗಳು ಯಾವುವು? ಈಗಿರುವಂತೆ ಪೂರ್ತಿ ತಡೆಯುವುದು ಒಂದು. ಸದ್ಯಕ್ಕೆ ಕೈ ಮುರಿಯುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಮೂರು-ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತಿರಬೇಕು, ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು. ಸ್ಕೂಟರ್ ಸುತ್ತು ಇದರಲ್ಲಿ ಒಂದು ನಿಮಿಷಕ್ಕೂ ಲೆಕ್ಕವಿಲ್ಲ. ಅಲ್ಲದೆ ಹೀಗೆ ತಡೆದಿಟ್ಟ ಮಗು ಎಂಟು ವರ್ಷಕ್ಕೆ ಒಮ್ಮೆಗೇ ಬಿಡುವು ಸಿಕ್ಕಾಗ ಹತ್ತುವುದು ದೊಡ್ಡ ಮರವನ್ನೇ, ಅದೂ ಅಳತೆ ತಿಳಿಯದ ಕೈಕಾಲಿನಿಂದ.

ದುಡ್ಡು ಕೊಟ್ಟು ಆಡಿಸುವ ಒಳಾಂಗಣ ಆಟದ ಜಾಗಗಳು ಈಗ ನಮ್ಮೂರಿಗೂ ಬಂದಿವೆ. ಮಳೆಗಾಲಕ್ಕೆ ಒಮ್ಮೊಮ್ಮೆ ಆಗಬಹುದು. ಆದರೆ ಟ್ರ್ಯಾಂಪೊಲಿನ್ ಮೇಲೆ ಬೇರೆ ಮಕ್ಕಳಿದ್ದಾಗ ಬಿಡಬೇಡಿ. ದೊಡ್ಡ ಹುಡುಗ ಕೆಳಗಿಳಿದಾಗ ಚಿಕ್ಕದು ಚಿಮ್ಮುತ್ತದೆ, ಅಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಗುಂಪಿನ ಕಿರಿಯರಿಗೆ. ಮೆತ್ತಗಿದೆ ಎಂದು ನಂಬಿ ಅಪ್ಪ-ಅಮ್ಮ ಮೊಬೈಲ್ ಹಿಡಿದು ಕೂತಿರುತ್ತಾರೆ.

ಊರಿನ ಅಣ್ಣಂದಿರ ಜೊತೆ ಪೂರ್ತಿ ಬಿಟ್ಟುಬಿಡುವುದು ಮೂರನೆಯದು. ಅದರ ಸುಖ ನನಗೂ ಗೊತ್ತು. ಆದರೆ ಹತ್ತು ವರ್ಷದವರ ಅಳತೆಯ ಆಟವನ್ನು ನಾಲ್ಕು ವರ್ಷದವಳು ಆಡಲು ಹೋಗುವುದೇ ಅಲ್ಲಿನ ತೊಡಕು.

ನಾನಾದರೆ ಮನೆಯೊಳಗಿನಿಂದ ಶುರು ಮಾಡುತ್ತೇನೆ. ಹಾಸಿಗೆಯನ್ನು ನೆಲಕ್ಕೆ ಹಾಕಿ, ಮೊದಲು ಕೂರುವ ಮಣೆಯ ಮೇಲಿಂದ, ವಾರದ ನಂತರ ದಿವಾನದ ಮೇಲಿಂದ ಹಾರಲಿ. ಮಂಡಿ ಬಾಗಿಸಿ ಇಳಿಯುವುದನ್ನು ಹೇಳಿಕೊಡಬೇಕಾಗಿಲ್ಲ, ಹತ್ತು ಸಲ ಹಾರಿದರೆ ಮಂಡಿಯೇ ಕಲಿಯುತ್ತದೆ. ಅಪ್ಪ ಹಾಸಿಗೆಯ ಮೇಲೆ ಕುಸ್ತಿ ಆಡಲಿ, ಸೋಲಲಿ. ತಾರಸಿಯಲ್ಲಿ ಮಾತ್ರ ಬೇಡ, ಪ್ಯಾರಾಪೆಟ್ ಪಕ್ಕದಲ್ಲಿ ಹಳೆಯ ಕುರ್ಚಿ, ಕುಂಡ ಇದ್ದರೆ ಇಂದೇ ತೆಗೆಯಿರಿ. ಆಮೇಲೆ ಮರಳಿರುವ ಪಾರ್ಕು, ಬರಿಗಾಲು. ಚಪ್ಪಲಿಗಿಂತ ಬರಿಯ ಪಾದಕ್ಕೆ ಹಿಡಿತ ಗೊತ್ತಾಗುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ ತಗಡಿನ ಜಾರುಬಂಡೆಯನ್ನು ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ, ತೊಡೆ ಸುಟ್ಟುಕೊಂಡು ಬಂದ ಮಕ್ಕಳನ್ನು ನೋಡಿದ್ದೇನೆ. ಮಣ್ಣಾಡಿದರೆ ಹುಳುವಾಗುತ್ತದೆ ಎಂಬ ಮಾತು ಸುಳ್ಳಲ್ಲ. ಅದಕ್ಕೆ ಸೋಪು ಮತ್ತು ಅಂಗನವಾಡಿ, ಶಾಲೆಗಳಲ್ಲಿ ಫೆಬ್ರವರಿ, ಆಗಸ್ಟ್‌ಗಳಲ್ಲಿ ಕೊಡುವ ಜಂತುಹುಳು ಮಾತ್ರೆ ಸಾಕು.

ಎತ್ತರಕ್ಕೆ ನನ್ನ ಮನೆಯ ಕಟ್ಟಳೆ ಇಷ್ಟೇ ಇತ್ತು: ತಾನೇ ಹತ್ತಬೇಕು, ತಾನೇ ಇಳಿಯಬೇಕು, ಐದು ತುಂಬುವವರೆಗೆ ಪಾದ ತನ್ನ ನೆತ್ತಿಯ ಮಟ್ಟಕ್ಕಿಂತ ಮೇಲೆ ಹೋಗಬಾರದು. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಅಂಟಿಕೊಂಡಿರಬೇಕು. ಹತ್ತಿ ಸಿಕ್ಕಿಕೊಂಡರೆ ಎತ್ತಿ ಇಳಿಸಬೇಡಿ. ಹತ್ತಿರ ನಿಂತು "ಎಡಗಾಲು ಕೆಳಗೆ ಬಿಡು, ಅಲ್ಲೊಂದು ಗಂಟಿದೆ, ಸಿಕ್ಕಿತೇ?" ಎಂದು ದಾರಿ ಹೇಳಿ. "ಹುಷಾರು, ಬೀಳುತ್ತೀಯ" ಎಂಬ ಮಾತಿನಲ್ಲಿ ಮಗುವಿಗೆ ಮಾಡಬೇಕಾದ ಕೆಲಸ ಏನೂ ಸಿಗುವುದಿಲ್ಲ, ಭಯವಷ್ಟೇ ಸಿಗುತ್ತದೆ. "ಆ ಕೊಂಬೆ ಅಲ್ಲಾಡುತ್ತದೆಯೇ ನೋಡು" ಎಂದರೆ ಮಗು ನೋಡುತ್ತದೆ. ಬಾಯಿ ತಡೆಯದಿದ್ದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ನಿಮ್ಮ ಮಗಳು ಹತ್ತಲು ಒಪ್ಪದಿದ್ದರೆ ಬಲವಂತವೂ ಬೇಡ. ಮೂರು ವಾರ ಬರೀ ನೋಡುತ್ತ ನಿಂತಳೆಂದರೆ ನಿಲ್ಲಲಿ.

ಆಡಲು ಬಿಡುವ ಮುನ್ನ ಕೊರಳ ದಾರ ತೆಗೆಯಿರಿ. ದೃಷ್ಟಿಗೆಂದು ಕಟ್ಟಿದ ಕಪ್ಪು ದಾರ, ತಾಯತ, ವೇಲು ಯಾವುದೂ ಕತ್ತಿನಲ್ಲಿ ಬೇಡ. ಕೊಂಬೆಗೋ ಕಂಬಿಗೋ ಸಿಕ್ಕಿದರೆ ಉರುಳಾಗುತ್ತದೆ. ದಾರವನ್ನು ಕಾಲಿಗೆ ಕಟ್ಟಿ, ಅಲ್ಲಿ ಕಟ್ಟಿದರೂ ದೃಷ್ಟಿ ತಾಗುವುದಿಲ್ಲವಂತೆ. ಓಡುವಾಗ ಬಾಯಲ್ಲಿ ಕಡಲೆಬೀಜ ಇರಬಾರದು.

ಇಲ್ಲಿಯವರೆಗೆ ಹೇಳಿದ್ದು ಮಗುವಿನ ಕಣ್ಣಿಗೆ ಕಾಣುವ, ಅದು ತೂಗಿ ನೋಡಬಲ್ಲ ಅಪಾಯ. ಮಗುವಿಗೆ ಕಾಣದ ಅಪಾಯದ ಮಾತು ಬೇರೆ, ಅಲ್ಲಿ ನಾನು ನಿಮ್ಮ ಯಜಮಾನರಿಗಿಂತ ಕಟ್ಟುನಿಟ್ಟು. ಮೊದಲನೆಯದು ನೀರು. ಸಂಪಿನ ಮುಚ್ಚಳ, ಭದ್ರಾ ನಾಲೆ, ತೋಟದ ಬಾವಿ. ಎಲ್ಲಕ್ಕಿಂತ ಮೋಸದ್ದು ಕೃಷಿಹೊಂಡ. ಅಂಚು ಇಳಿಜಾರು, ಒಳಗೆ ಪ್ಲಾಸ್ಟಿಕ್ ಹಾಸು, ಅದರ ಮೇಲೆ ಪಾಚಿ. ಈಜು ಬರುವ ದೊಡ್ಡವರೇ ಹಿಡಿತ ಸಿಗದೆ ಮೇಲೆ ಬರಲಾಗದೆ ಹೋಗಿದ್ದಾರೆ. ಕೋಟೆಗೆ ಹೋದಾಗಲೂ ಬಂಡೆಯ ಮೇಲೆ ಬಿಡಿ, ಅಕ್ಕ-ತಂಗಿ ಹೊಂಡದ ಮೆಟ್ಟಿಲಲ್ಲಿ ಕೈ ಬಿಡಬೇಡಿ. ಮುಚ್ಚದ ಕೊಳವೆಬಾವಿ, ಪಂಪ್‌ಸೆಟ್ಟಿನ ವೈರು, ಹಿಂದಕ್ಕೆ ಬರುವ ಟ್ರ್ಯಾಕ್ಟರ್, ಕಣದಲ್ಲಿ ಮೆಕ್ಕೆಜೋಳ ಒಕ್ಕುವ ಯಂತ್ರ ಇವುಗಳ ಹತ್ತಿರ ಕಲಿಯುವ ಅವಕಾಶವೇ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಬೀಳಬಹುದು. ಮೊಣಕೈ ಊದಿದ್ದರೆ, ಮಗು ಕೈ ಎತ್ತದಿದ್ದರೆ, ಹೇಗಿದೆಯೋ ಹಾಗೇ ರಟ್ಟಿನ ಮೇಲಿಟ್ಟು ವೇಲಿನಿಂದ ಕೊರಳಿಗೆ ತೂಗುಹಾಕಿ ಆಸ್ಪತ್ರೆಗೆ ಬನ್ನಿ. ಅರಿವಳಿಕೆ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಏನೂ ತಿನ್ನಿಸಬೇಡಿ. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಬೆರಳು ಬಿಡಿಸಿದಾಗ ಚೀರಿದರೆ ಒಂದು ಗಂಟೆಯೂ ಕಾಯುವಂತಿಲ್ಲ. ಇಂಥ ಕೈಗೆ ಬಿದಿರು ದಬ್ಬೆ ಇಟ್ಟು ಬಿಗಿದು ಕಟ್ಟಿಸಿ ಮೂರನೇ ದಿನ ಕರೆತಂದದ್ದುಂಟು. ರಕ್ತ ಹರಿಯದೆ ಮುಂಗೈ ಸ್ನಾಯು ಸತ್ತು ಬೆರಳುಗಳು ಮುದುಡಿದ ಮೇಲೆ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಒಬ್ಬ ಹುಡುಗನ ಕೈ ಇಂದಿಗೂ ಕಣ್ಣ ಮುಂದಿದೆ. ಅವನ ಕೈಯನ್ನು ಕೆಡಿಸಿದ್ದು ಮಾವಿನ ಮರವಲ್ಲ, ಆ ಕಟ್ಟು.

ತಲೆಗೆ ಪೆಟ್ಟಾದರೆ ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಮಂಕು, ಕಿವಿ-ಮೂಗಿನಿಂದ ರಕ್ತ ಅಥವಾ ನೀರು, ಐದು ಅಡಿಗಿಂತ ಹೆಚ್ಚು ಎತ್ತರದಿಂದ ಬಿದ್ದದ್ದು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಇವೇನೂ ಇಲ್ಲದೆ ಅತ್ತು ಸುಮ್ಮನಾಗಿ ಆಡುತ್ತಿರುವ ಮಗುವನ್ನು ರಾತ್ರಿಯಿಡೀ ಮಲಗಲು ಬಿಡದೆ ಕೂರಿಸುವುದು ಬೇಡ. ಮಲಗಲಿ, ನಡುವೆ ಒಂದೆರಡು ಸಲ ಎಬ್ಬಿಸಿ ನಿಮ್ಮನ್ನು ಗುರುತಿಸುತ್ತದೆಯೇ ನೋಡಿದರೆ ಸಾಕು.

ದೀಪಾವಳಿಗೆ ಊರಿಗೆ ಹೋಗಿ ಬನ್ನಿ. ಟ್ರೇಲರ್ ಆಟದ ಸಾಮಾನಲ್ಲ, ಅದರ ಮೇಲೆ ಯಾವ ಮಕ್ಕಳೂ ಬೇಡ ಎಂದು ಮೊದಲೇ ಹೇಳಿಡಿ. ಅದರ ಬದಲು ಚಿಕ್ಕಪ್ಪನಿಗೆ ಒಂದು ಕೆಲಸ ಕೊಡಿ. ಕಣದಿಂದ ದೂರದಲ್ಲಿ ತಗ್ಗು ಕೊಂಬೆಯ ಮರವೊಂದರ ಕೆಳಗೆ ಒಂದು ಟ್ರೇಲರ್ ಮರಳು ಹೊಡೆಸಿ, ಕಲ್ಲು ಆರಿಸಿ, ಒಂದಡಿ ದಪ್ಪಕ್ಕೆ ಹರಡಲಿ. ಏಪ್ರಿಲ್‌ನಿಂದ ಅವರೂ ಒಳಗೊಳಗೇ ನೊಂದಿರುತ್ತಾರೆ, ಸಂತೋಷದಿಂದ ಮಾಡುತ್ತಾರೆ. ಮರಳು ಮಳೆಗೆ ಗಟ್ಟಿಯಾದರೆ ಗುದ್ದಲಿಯಿಂದ ಕೆದಕಬೇಕು. ಅವಳು "ಚಿಕ್ಕಪ್ಪಾ, ಎತ್ತು" ಎಂದರೆ ಮಾತ್ರ ಎತ್ತಬಾರದು, ಇದನ್ನು ಅವರಿಂದ ಒಪ್ಪಿಸಿಕೊಳ್ಳಿ.

ಹೊರಡುವ ಮುನ್ನ ಮಗುವನ್ನು ಒಮ್ಮೆ ನಿಮ್ಮ ವೈದ್ಯರಿಗೆ ತೋರಿಸಿ. ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅಂಗೈ ಮುಂದಾಗಿ ಎರಡೂ ಕೈ ಕೆಳಕ್ಕೆ ಚಾಚಿಸಿ ನೋಡಿ. ಬಲಗೈಗೆ ಹೋಲಿಸಿದರೆ ಎಡ ಮುಂಗೈ ಮೈಯ ಕಡೆಗೆ ಬಾಗಿದಂತೆ ಕಂಡರೆ ಅದನ್ನೂ ಹೇಳಿ. ಹೋಗುವಾಗ ಏಪ್ರಿಲ್‌ನ ಎಕ್ಸ್‌ರೇ ಹಾಳೆಗಳನ್ನು ಮರೆಯದೆ ತೆಗೆದುಕೊಂಡು ಹೋಗಿ.